ಚೆನ್ನಮ್ಮಾಜಿಗೆ ನನ್ನ ಹುಡುಗಿ ಎಷ್ಟು ಹೇಳಬೇಕು?

ಸಾಗರದವಳು:

ಹಗಲು ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕುತ್ತೇನೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಕಿರುಕಾದಂಬರಿ ಬರೆಯುತ್ತೇನೆ. ಎರಡು ಅಧ್ಯಾಯ ಚೆನ್ನಾಗಿ ಬಂತು. ಮೂರನೆಯದರಲ್ಲಿ ಗಾಡಿ ಹೂತುಕೊಂಡಿದೆ.

ಕಥೆ ಇಷ್ಟು. ಈ ಕಾಲದ ಶಾರದೆ, ವಯಸ್ಸು 24, ಹೊಸನಗರದ ಹತ್ತಿರದ ‘ನಗರ’ ಅನ್ನುವ ಊರಿನ ಕೋಟೆ ನೋಡಲು ಹೋಗುತ್ತಾಳೆ. ಅಲ್ಲಿನ ಅಕ್ಕ-ತಂಗಿ ಕೊಳಕ್ಕೆ ಮೊಬೈಲು ಬೀಳುತ್ತದೆ. ತೆಗೆಯೋಣ ಅಂತ ಮೆಟ್ಟಿಲು ಇಳಿಯುತ್ತಾಳೆ. ಮೇಲೆ ಬಂದಾಗ 1689. ಕೆಳದಿ ಚೆನ್ನಮ್ಮ ಪಟ್ಟಕ್ಕೆ ಬಂದು 17 ವರ್ಷ ಆಗಿದೆ. (ಕಿತ್ತೂರು ಚೆನ್ನಮ್ಮ ಅಲ್ಲ. ಅವರು ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದು 1824ರಲ್ಲಿ. ಪ್ರತಿ ಸಲವೂ ಇದನ್ನು ಹೇಳಬೇಕು, ಏನ್ಮಾಡೋದು.)

ಮೂರನೇ ಅಧ್ಯಾಯದಲ್ಲಿ ಶಿವಾಜಿಯ ಕಿರಿಯ ಮಗ ರಾಜಾರಾಮ ಬರುತ್ತಾನೆ. 19ರ ಹುಡುಗ. ಅದೇ ಮಾರ್ಚಿನಲ್ಲಿ ಔರಂಗಜೇಬ ಇವನ ಅಣ್ಣ ಸಂಭಾಜಿಯನ್ನು ಕೊಲ್ಲಿಸಿದ್ದಾನೆ. ರಾಯಗಡಕ್ಕೆ ಮೊಘಲರ ಮುತ್ತಿಗೆ. ಇವನು ಯಾತ್ರಿಕನ ವೇಷದಲ್ಲಿ ತಮಿಳುನಾಡಿನ ಜಿಂಜಿ ಕೋಟೆ ಕಡೆಗೆ ಹೊರಟಿದ್ದಾನೆ, ದಾರಿಯಲ್ಲಿ ಆಸರೆ ಬೇಕು. ಕೊಟ್ಟರೆ ಮೊಘಲ್ ಸೈನ್ಯ ಬಾಗಿಲಿಗೆ ಬರುತ್ತದೆ. ಚೆನ್ನಮ್ಮ ಕೊಟ್ಟರು, ಅದು ಚರಿತ್ರೆ.

ನನ್ನ ಶಾರದೆ ಇದನ್ನೆಲ್ಲ ಪರೀಕ್ಷೆಗೆ ಓದಿದವಳು! ನೇರವಾಗಿ ಹೋಗಿ, “ಹೆದರಬೇಡಿ ಅಮ್ಮಾಜಿ, ನಿಮ್ಮ ರಾಜ್ಯಕ್ಕೆ ಏನೂ ಆಗುವುದಿಲ್ಲ” ಅಂದುಬಿಟ್ಟಳು. ಬರೆದಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು. ನಮ್ಮ ಅತ್ತಿಗೆ ಓದಿ, “ಮತ್ತೆ ರಾಣಿ ಮಾಡಿದ್ದೇನು? ಗೆಲ್ಲುತ್ತೇನೆ ಅಂತ ಗೊತ್ತಿದ್ದರೆ ನಾನೂ ಆಸರೆ ಕೊಡ್ತೀನಿ” ಅಂದರು. ಮಾತು ಸರಿ. ಅದಕ್ಕೇ ಸಿಟ್ಟು ಬಂತು.

ಶಾರದೆಯ ಬಾಯಿ ಹೇಗೆ ಮುಚ್ಚಿಸಲಿ? ನೆನಪು ಹೋಯಿತು ಅಂತ ಮಾಡೋದು ಸಿನಿಮಾ ಥರ ಆಗುತ್ತದೆ. ಬೇಡ.

ಹೊಸನಗರದ ಮೇಷ್ಟ್ರು:

ತಂಗೀ, ದೊಡ್ಡ ಪ್ರಶ್ನೆಗೆ ಆಮೇಲೆ ಬರೋಣ. ನೀನು ಹಿಂದೆ ಇಲ್ಲಿ ಹಾಕಿದ್ದ ಮೊದಲ ಅಧ್ಯಾಯ ಓದಿದ್ದೆ. ಅದರಲ್ಲಿ ಕಾವಲುಗಾರ “ಇದು ನಗರ” ಅನ್ನುತ್ತಾನೆ. ಅನ್ನಲು ಸಾಧ್ಯವೇ ಇಲ್ಲ. ಹೈದರಾಲಿ 1763ರಲ್ಲಿ ಗೆದ್ದು ಹೈದರ್ ನಗರ ಅಂತ ಹೆಸರಿಟ್ಟ ಮೇಲೆ ಅದು ನಗರ ಆಗಿದ್ದು. ಆಗ ಬಿದನೂರು, ಕೆಳದಿಯವರ ರಾಜಧಾನಿ. ಶಾರದೆ “ಇದು ನಗರ ಅಲ್ವಾ?” ಅಂತ ಕೇಳಲಿ, ಅವನು “ಹೌದು, ದೊಡ್ಡ ನಗರವೇ” ಅನ್ನಲಿ. ಚೆನ್ನಾಗಿರುತ್ತದೆ.

ಅಡುಗೆಯವಳ ಕೈಲಿ ಟೊಮೆಟೊ ಸಾರು ಮಾಡಿಸಿದ್ದೀಯ. ಅದು ನಮ್ಮ ಸಾರಿಗೆ ಬಿದ್ದಿದ್ದು ತುಂಬಾ ಈಚೆಗೆ. ವಾಟೆಹುಳಿ ಹಾಕಿಸು. ಇನ್ನು ಮಳೆ. ರಾಜಾರಾಮ ಬಂದದ್ದು ಮಳೆಗಾಲದ ಕೊನೆಗೆ, ಅಂದರೆ ಹಸ್ತ, ಚಿತ್ತೆ ಮಳೆಯ ಹೊತ್ತು. ನಿನ್ನ ಕಥೆಯಲ್ಲಿ ಕಂಬಳಿಕೊಪ್ಪೆ ಇದೆ, ಒಂದು ಉಂಬಳವೂ (ಕಾಡಿನ ಜಿಗಣೆ) ಇಲ್ಲ! ಜೀನ್ಸ್ ಹಾಕಿದ ಹುಡುಗಿಯ ಕಾಲಿಗೆ ಉಂಬಳ ಹತ್ತದೇ ಬಿಟ್ಟೀತೇ? ಸಾಗರದವಳು ಅಂತ ಬೇರೆ ಹೇಳ್ತೀಯ.

ಹಳೇ ಪಂಚಾಂಗ:

ಇನ್ನೊಂದು ತಪ್ಪು. ಶಾರದೆ “ಇದು ಯಾವ ವರ್ಷ?” ಅಂದರೆ ಯಾರೂ 1689 ಅನ್ನುವುದಿಲ್ಲ. “ಶುಕ್ಲ ಸಂವತ್ಸರ” ಅನ್ನುತ್ತಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ 1629ಕ್ಕೂ ಶುಕ್ಲ, 1689ಕ್ಕೂ ಶುಕ್ಲ, 1749ಕ್ಕೂ ಶುಕ್ಲ. 1629 ಆಗಿದ್ದರೆ ರಾಜಧಾನಿ ಇನ್ನೂ ಇಕ್ಕೇರಿಯಲ್ಲಿ. 1749 ಆಗಿದ್ದರೆ ಚೆನ್ನಮ್ಮ ತೀರಿಕೊಂಡು ಎಷ್ಟೋ ವರ್ಷ. ವರಹದ ನಾಣ್ಯ ನೋಡಿ ತಿಳಿಯೋಣ ಅಂದರೆ ಅದರಲ್ಲಿ ರಾಜರ ಹೆಸರಿಲ್ಲ, “ಶ್ರೀ ಸದಾಶಿವ” ಅಂತ ಮಾತ್ರ. ಒಂದು ಅಧ್ಯಾಯ ಪೂರ್ತಿ ಆಕೆ ಒದ್ದಾಡಲಿ. ಬಾಯಿ ತಾನಾಗೇ ಮುಚ್ಚಿರುತ್ತದೆ.

ತುಂಗೆಯ ದಡ:

ಪಂಚಾಂಗದವರ ಉಪಾಯ ಮಜವಾಗಿದೆ, ಆದರೆ ರಾಣಿಯ ಮುಖ ಕಂಡ ಕೂಡಲೇ ಮುಗಿಯಿತಲ್ಲ. ನನಗೆ ಅನ್ನಿಸುವುದು ಬೇರೆ. ಬಾಯಿ ಮುಚ್ಚಿಸಲೇಬೇಡಿ. ಶಾರದೆಗೆ ಗೊತ್ತಿರುವುದಾದರೂ ಎಷ್ಟು? ಪಠ್ಯಪುಸ್ತಕದ ಮೂರು ಸಾಲು. ಆಸರೆ ಕೊಟ್ಟರು, ಮೊಘಲರು ಬಂದರು, ರಾಜ್ಯ ಉಳಿಯಿತು. ಅಷ್ಟೂ ಹೇಳಲಿ. ಆಮೇಲೆ ರಾಣಿ, “ಎಷ್ಟು ಜನ ಸಾಯುತ್ತಾರೆ? ಯಾವ ಊರಿನವರು?” ಅಂತ ಕೇಳಲಿ. ಪುಸ್ತಕದಲ್ಲಿ ಅದು ಇಲ್ಲವಲ್ಲ.

ಒಂದು ಮಾತು. ನಿಮ್ಮ ಚೆನ್ನಮ್ಮ ಕ್ಯಾಲೆಂಡರ್ ಚಿತ್ರದ ಹಾಗೆ ಹದಿಹರೆಯದವರು. ಮದುವೆ ಆಗಿದ್ದು 1667ರಲ್ಲಿ. ಆಗ ಹದಿನಾರು ಅಂದುಕೊಂಡರೂ ಈಗ ನಲವತ್ತರ ಹತ್ತಿರ. ಶೆಟ್ಟರ ಮನೆಯ ಮಗಳು, ಗಂಡ ಕೊಲೆಯಾದವರು, ದತ್ತುಮಗನನ್ನು ಬೆಳೆಸುತ್ತಿರುವವರು. ಎದುರಿಗೆ ನಿಂತ 19ರ ಹುಡುಗ ಅವರ ಕಣ್ಣಿಗೆ ರಾಜನಾಗಿ ಕಾಣುವ ಮೊದಲು ಮಗನಾಗಿ ಕಂಡಿರಬಹುದು.

ಸಾಗರದವಳು:

ಮೇಷ್ಟ್ರೇ, ಉಂಬಳ ಬಂತು, ಒಂದಲ್ಲ ಮೂರು. ಪಂಚಾಂಗದವರ ಶುಕ್ಲವನ್ನು ಎರಡನೇ ಅಧ್ಯಾಯಕ್ಕೆ ತುರುಕಿದ್ದೇನೆ.

ತುಂಗೆಯವರೇ, ನಿನ್ನೆ ರಾತ್ರಿ ಒಂದು ಗಂಟೆವರೆಗೆ ಕೂತೆ. ಈಗ ಹೀಗಿದೆ, ಬೈಯುವುದಿದ್ದರೆ ಬೈಯಿರಿ:

*ಶಾರದೆ ಹೇಳಿ ಮುಗಿಸಿದಳು. ಅಮ್ಮಾಜಿ ದೀಪದ ಬತ್ತಿ ಸರಿಮಾಡಿದರು.*

*“ರಾಜ್ಯ ಉಳಿಯುತ್ತದೆ ಅಂದೆ.”*

*“ಹೌದು.”*

*“ಹೊರಗೆ ಪಂಜು ಹಿಡಿದು ನಿಂತಿದ್ದಾನಲ್ಲ, ಬಸವ. ಅವನು?”*

*ಶಾರದೆ ತಿರುಗಿ ನೋಡಿದಳು. ಮಳೆ ನೀರು ಅವನ ಕಂಬಳಿಕೊಪ್ಪೆಯ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬೆಳಗ್ಗೆ ಅವಳ ಕಾಲಿಗೆ ಸುಣ್ಣ ಹಚ್ಚಿ ಉಂಬಳ ಬಿಡಿಸಿದವನು ಅವನೇ.*

*“ಗೊತ್ತಿಲ್ಲ ಅಮ್ಮಾಜಿ.”*

*“ಹಾಗಾದರೆ ನನಗೆ ಗೊತ್ತಿರುವಷ್ಟೇ ನಿನಗೂ ಗೊತ್ತು. ಹೋಗು, ಆ ಹುಡುಗ ಊಟ ಮಾಡಿದನೋ ಇಲ್ಲವೋ ನೋಡಿ ಬಾ.”*

ಅತ್ತಿಗೆ ಓದಿದರು. ಏನೂ ಅನ್ನಲಿಲ್ಲ, “ಬಸವ ಸಾಯ್ತಾನಾ?” ಅಂತ ಮಾತ್ರ ಕೇಳಿದರು. ನಾನಿನ್ನೂ ತೀರ್ಮಾನ ಮಾಡಿಲ್ಲ.