ಹವಳದ ಮರಿಗಳಲ್ಲಿ ಪಾಚಿ ಬಗೆಗಳು ಜಾಸ್ತಿ, ದೊಡ್ಡವುಗಳಲ್ಲಿ ಒಂದೇ: ಡೇಟಾ ಕೆಟ್ಟಿದೆಯಾ?

ಧಾರವಾಡ_ಎಂಎಸ್ಸಿ:
ನಮಸ್ಕಾರ. ಎಲ್ಲರಿಗೂ ಸಿಗುವ ಐಟಿಎಸ್2 (ಹವಳದೊಳಗೆ ಬದುಕುವ ಪಾಚಿಯ ಬಗೆ ಗುರುತಿಸಲು ಓದುವ ಡಿಎನ್ಎ ಭಾಗ) ಡೇಟಾ ಇಟ್ಟುಕೊಂಡು ಅಕ್ರೊಪೊರಾ ಹವಳದ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೇನೆ. ದೊಡ್ಡ ಹವಳಗಳಲ್ಲಿ ಹೆಚ್ಚುಕಡಿಮೆ ಕ್ಲಾಡೊಕೋಪಿಯಂ ಎಂಬ ಪಾಚಿ ಕುಲ ಒಂದೇ ಇದೆ. ಮರಿಗಳಲ್ಲಿ ಮಾತ್ರ ಡ್ಯುರುಸ್ಡಿನಿಯಂ, ಸಿಂಬಿಯೋಡಿನಿಯಂ ಎಂಬ ಬೇರೆ ಪಾಚಿ ಕುಲಗಳೆಲ್ಲ ಸೇರಿಕೊಂಡು ಬಂದಿವೆ. ಸ್ಯಾಂಪಲ್ ಕಲಬೆರಕೆ ಆಗಿರಬೇಕು, ಕಡಿಮೆ ಇರೋದನ್ನೆಲ್ಲ ಅಳಿಸಿಬಿಡು ಅಂತಾರೆ ಗೆಳೆಯರು. ಅಳಿಸಲಾ?

ಹುಬ್ಬಳ್ಳಿ_ಅಕ್ಕ:
ಬೇಡ ತಮ್ಮಾ, ನಿನ್ನ ಪ್ರಾಜೆಕ್ಟಿನ ಜೀವಾಳವೇ ಅದು! ಅಕ್ರೊಪೊರಾ ಮೊಟ್ಟೆಯಲ್ಲಿ ಪಾಚಿ ಇರುವುದಿಲ್ಲ. ಮರಿ ಅದನ್ನು ಸುತ್ತಲಿನ ನೀರಿನಿಂದ, ತಳದ ಮಣ್ಣಿನಿಂದ ತಗೊಳ್ಳಬೇಕು, ಹಾಗಾಗಿ ಶುರುವಿನಲ್ಲಿ ಸಿಕ್ಕಿದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ, ಬೆಳೆಯುತ್ತಾ ಬೆಳೆಯುತ್ತಾ ಒಂದೆರಡು ಉಳಿದು ಮಿಕ್ಕವು ಹೋಗುತ್ತವೆ. ಆಸ್ಟ್ರೇಲಿಯಾದ ಮ್ಯಾಗ್ನೆಟಿಕ್ ದ್ವೀಪದಲ್ಲಿ ಅಕ್ರೊಪೊರಾ ಟೆನುಯಿಸ್ ಮರಿಗಳಲ್ಲಿ ಡ್ಯುರುಸ್ಡಿನಿಯಂ ಜಾಸ್ತಿ ಕಂಡಿತ್ತು, ಅದೇ ಜಾಗದ ದೊಡ್ಡವುಗಳಲ್ಲಿ ಕ್ಲಾಡೊಕೋಪಿಯಂ. 2004ರಲ್ಲಿ ಬಂದ ಆ ಅಧ್ಯಯನದಲ್ಲಿ ಕ್ಲಾಡೊಕೋಪಿಯಂ ಇದ್ದ ಮರಿಗಳು 2–3 ಪಟ್ಟು ಬೇಗ ಬೆಳೆದವು. ಡ್ಯುರುಸ್ಡಿನಿಯಂ ಬಿಸಿ ತಡೆದುಕೊಳ್ಳುತ್ತದೆ, ಆದರೆ ಬೆಳವಣಿಗೆ ನಿಧಾನ.

ಹಾಗಂತ ಕಣ್ಣುಮುಚ್ಚಿ ನಂಬಬೇಡ. ಹವಳವನ್ನೇ ಹಾಕದೆ ಓಡಿಸಿದ ನೆಗೆಟಿವ್ ಕಂಟ್ರೋಲ್ ಇರುತ್ತದಲ್ಲ, ಮೊದಲು ಅದನ್ನು ನೋಡು. ಅಲ್ಲೂ ಇವೇ ಬಗೆಗಳು ಬಂದಿದ್ದರೆ ಗೆಳೆಯರ ಮಾತಿನಲ್ಲಿ ಹುರುಳಿದೆ. ಇನ್ನೊಂದು, ಪಾಚಿಯ ಒಂದೇ ಕೋಶದಲ್ಲಿ ಐಟಿಎಸ್2 ಪ್ರತಿಗಳು ತುಂಬಾ ಇರುತ್ತವೆ, ಅವೂ ಒಂದಕ್ಕೊಂದು ಸ್ವಲ್ಪ ಬೇರೆ. 10 ಸೀಕ್ವೆನ್ಸ್ ಸಿಕ್ಕರೆ 10 ಬಗೆ ಪಾಚಿ ಅಂತ ಎಣಿಸಬೇಡ. ಐಟಿಎಸ್2 ವಿಶ್ಲೇಷಣೆಗೆಂದೇ ಇರುವ ಸಿಮ್‌ಪೋರ್ಟಲ್‌ಗೆ ಹಾಕಿದರೆ ಒಟ್ಟಿಗೆ ಬರುವವುಗಳನ್ನು ಅದೇ ಗುಂಪು ಮಾಡಿಕೊಡುತ್ತದೆ.

ಧಾರವಾಡ_ಎಂಎಸ್ಸಿ:
ಕಂಟ್ರೋಲ್ ಖಾಲಿ ಇದೆ ಅಕ್ಕಾ! ಹಾಗಾದರೆ ಶೇಕಡಾವಾರು ಲೆಕ್ಕ ನೇರವಾಗಿ ಕೊಡಬಹುದಲ್ವಾ? ಮತ್ತೆ, ನೇತ್ರಾಣಿ ದ್ವೀಪದ ಕಡೆಯಿಂದ ಒಂದು ಚೂರು ತಂದು ತೊಟ್ಟಿಯಲ್ಲಿ ಸಾಕಿದರೆ ಕಣ್ಣಾರೆ ನೋಡಬಹುದೇನೋ?

ಗದಗ_ಮೀನುತೊಟ್ಟಿ:
ಹವಳ ಮುಟ್ಟಲೇಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಚೂರು ಒಡೆದು ತಂದರೂ ಅಪರಾಧವೇ.

ಹುಬ್ಬಳ್ಳಿ_ಅಕ್ಕ:
ಅವರು ಹೇಳಿದ್ದು ಸರಿ. ಇನ್ನು ಲೆಕ್ಕ. ಐಟಿಎಸ್2 ಪ್ರತಿಗಳ ಸಂಖ್ಯೆ ಒಂದೊಂದು ಪಾಚಿ ಕುಲದಲ್ಲಿ ಒಂದೊಂದು ಥರ, ಅದಕ್ಕೇ ಒಂದು ಕುಲದ ರೀಡ್ಸ್ (ಯಂತ್ರ ಓದಿದ ಡಿಎನ್ಎ ತುಣುಕುಗಳು) ಶೇಕಡಾ 30 ಬಂತು ಅಂದರೆ ಕೋಶಗಳೂ ಶೇಕಡಾ 30 ಅಂತ ಬರೆಯಬೇಡ. ಒಂದೇ ಕುಲ ವಯಸ್ಸಿನ ಜೊತೆ ಏರಿತಾ ಇಳಿಯಿತಾ ಅಂತ ತೋರಿಸು, ಸಾಕು. ‘ಮರಿ’ ಅಂತ ಎಲ್ಲವನ್ನೂ ಒಂದೇ ಗುಂಪಿಗೆ ತುಂಬದೆ ತಿಂಗಳವಾರು ಬಿಡಿಸು. ಪೊಸಿಲ್ಲೊಪೊರಾ, ಮಾಂಟಿಪೊರಾ ಹವಳಗಳ ಸ್ಯಾಂಪಲ್ ಇದ್ದರೆ ಬೇರೆ ಇಡು, ಅವುಗಳ ಮೊಟ್ಟೆಗೆ ತಾಯಿಯಿಂದಲೇ ಪಾಚಿ ಬಂದಿರುತ್ತದೆ. ಬಿಡಿಸಿದ ಗ್ರಾಫ್ ಇಲ್ಲೇ ಹಾಕು, ನೋಡ್ತೇನೆ.