ಸಹಾಯ ಬೇಕು: ಹಲ್ಲು ಕಡಿಯುವುದಕ್ಕೆ ಬೊಟಾಕ್ಸ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕದವರು. ನನ್ನ ಅಕ್ಕ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ, ಪಕ್ಕದ ಕೋಣೆಗೂ ಕೇಳಿಸುತ್ತದೆ. ಬೆಳಗ್ಗೆ ದವಡೆ ಬಿಗಿದಿರುತ್ತದೆ, ಜೊತೆಗೆ ತಲೆನೋವು. ಹಲಸಿನ ಹಪ್ಪಳ ಅಂದರೆ ಅವಳಿಗೆ ಪ್ರಾಣ, ಈಗ ಮುಟ್ಟುವುದೇ ಇಲ್ಲ. ನೋಡಿದರೆ ಸಂಕಟವಾಗುತ್ತದೆ. ನೈಟ್ ಗಾರ್ಡ್ (ರಾತ್ರಿ ಮಲಗುವಾಗ ಹಲ್ಲಿಗೆ ಹಾಕುವ ಕವಚ) ಹಾಕಿದ ಮೇಲೆ ಹಲ್ಲು ಸವೆಯುವುದು ಕಡಿಮೆಯಾಯಿತು, ನೋವು ಹೋಗಲಿಲ್ಲ.

ಈಗ ಡಾಕ್ಟರು ದವಡೆಯ ಮ್ಯಾಸೆಟರ್ ಸ್ನಾಯುವಿಗೆ ಬೊಟಾಕ್ಸ್ ಇಂಜೆಕ್ಷನ್ ಹೇಳಿದ್ದಾರೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ, ಹಾಗಾಗಿ ಕಚ್ಚುವ ಬಲ ತಗ್ಗುತ್ತದೆ. ಸುಮಾರು 3-4 ತಿಂಗಳಾದ ಮೇಲೆ ಮತ್ತೆ ಚುಚ್ಚಿಸಬೇಕಂತೆ. ಅದು ಸುಕ್ಕು ತೆಗೆಯುವ ಮದ್ದು ಅಲ್ವಾ ಅಂತ ಅಮ್ಮನಿಗೆ ಹೆದರಿಕೆ.

ಕಾಸರಗೋಡು, ಮಂಗಳೂರು ಕಡೆ ಯಾರಾದರೂ ಮಾಡಿಸಿದ್ದೀರಾ? ಜಗಿಯಲು, ನಗಲು ತೊಂದರೆ ಆಯಿತಾ? ಖರ್ಚು ಎಷ್ಟಾಯಿತು? ದಯವಿಟ್ಟು ನಿಮ್ಮ ಅನುಭವ ತಿಳಿಸಿ.