ಕ್ಯಾಮೆರಾಕ್ಕೆ ಕೂಲಿಂಗ್ ಗ್ಲಾಸ್

ಮರವಂತೆ. ಈ ಪಕ್ಕ ಕಡಲು, ಆ ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ. ಸಂಜೆ ಐದೂವರೆಗೆ ಟ್ರೈಪಾಡ್ ಸುತ್ತ ಮೂವರು. ಗಣಪನ ಕೈಯಲ್ಲಿ ಸುಟ್ಟ ದೋಸೆ ಬಣ್ಣದ ದುಂಡು ಗಾಜು: ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್.

“ಎನ್‌ಡಿ 1000 ಅಂತ ಉಂಟಲ್ಲ, ಇದು ರೇಟಾ?”

“ರೇಟಲ್ಲ ಮಾರಾಯ,” ಪ್ರಭಾಕರಣ್ಣ ಹೇಳಿದರು, “ಬಂದ ಬೆಳಕಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಬಿಡ್ತದೆ. ಇದಕ್ಕೇ ಕೆಲವರು ಹತ್ತು ಸ್ಟಾಪ್ ಅಂತಾರೆ, ಕೆಲವರು 3.0 ಅಂತ ಬರೀತಾರೆ.”

“ರೇಷನ್ ಕಾರ್ಡಲ್ಲೊಂದು ಹೆಸರು, ಆಧಾರಲ್ಲೊಂದು ಹೆಸರು!” ಅಂದ ಸತೀಶ.

“ಹತ್ತು ಸ್ಟಾಪ್ ಅಂದ್ರೆ ಹತ್ತು ಪಟ್ಟು ಹೊತ್ತು, ಅಲ್ವಾ?”

“ಹತ್ತು ಸಲ ದುಪ್ಪಟ್ಟು. ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ, ಶಟರ್ ತೆರೆದಿಡುವ ಹೊತ್ತು ದುಪ್ಪಟ್ಟು. ಬೆರಳು ಮಡಚು. ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ತೂತು ಎಫ್ 11, ಗಾಜಿಲ್ಲದೆ ಬೆಳಕಿನ ಮೀಟರ್ 1/60 ಸೆಕೆಂಡ್ ತೋರಿಸ್ತಾ ಉಂಟು. ಹೇಳು: 1/30, 1/15, 1/8, 1/4, ಅರ್ಧ, ಆರನೇ ಬೆರಳಿಗೆ ಒಂದು ಸೆಕೆಂಡ್. ಮತ್ತೆ 2, 4, 8, 15.”

“ಬೆರಳು ಮುಗೀತು.”

“ಸ್ಟಾಪೂ ಮುಗೀತು. ಹದಿನೈದು ಸೆಕೆಂಡ್. ಆದರೆ ನೀನು ಆರನೇ ಬೆರಳಲ್ಲೇ ನಿಂತರೆ ಒಳ್ಳೇದು. ಅದಕ್ಕೆ ಎನ್‌ಡಿ 64 ಸಾಕು. ತೆರೆ ಕಲ್ಲಿನ ಸಂದಿಯಿಂದ ವಾಪಸ್ ಇಳಿಯುವಾಗ ಒಂದು ಸೆಕೆಂಡ್ ಬಿಟ್ಟರೆ ನೀರಿನ ಎಳೆ ಎಳೆ ಕಾಣ್ತದೆ. ಹದಿನೈದಕ್ಕೆ ತೆರೆಯ ಅಚ್ಚೆಲ್ಲ ಅಳಿಸಿ ಪೂರಾ ಹಾಲು. ಎಲ್ಲರೂ ಹಾಲೇ ಮಾಡ್ತಾರೆ, ಡೈರಿ ಇಟ್ಟವರ ಹಾಗೆ.”

ಗಣಪ ಗಾಜು ತಿರುಗಿಸಿ ಹಾಕಿಯೇ ಬಿಟ್ಟ. ಸ್ಕ್ರೀನ್ ಕತ್ತಲು. ಲೆನ್ಸ್ ಜುಯ್ ಜುಯ್ ಅಂತ ಹಿಂದೆ ಮುಂದೆ ಓಡಿತು.

“ಫೋಕಸ್ ಸಿಗುದಿಲ್ಲ.”

“ಕಣ್ಣು ಕಟ್ಟಿ ಸೂಜಿಗೆ ದಾರ ಪೋಣಿಸು ಅಂದ್ರೆ? ತೆಗಿ. ಮೊದಲು ಫ್ರೇಮ್, ಆಮೇಲೆ ಫೋಕಸ್, ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ಹಾಕು. ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್. ಕಡೆಗೆ ಗಾಜು, ಅದೂ ಫೋಕಸ್ ರಿಂಗ್ ಮುಟ್ಟದೆ.”

ಸತೀಶ ಹಿಂದಿನ ವ್ಯೂಫೈಂಡರ್ ಮೇಲೆ ಕರಿ ಟೇಪ್ ಅಂಟಿಸಿದ. “ಇದು ಡಿಎಸ್‌ಎಲ್‌ಆರ್. ಒಳಗೆ ಕನ್ನಡಿ ಇರುವ ಕ್ಯಾಮೆರಾ. ಎದುರಿನ ಬಾಗಿಲಿಗೆ ಇಷ್ಟು ದೊಡ್ಡ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟರೆ ಬೆಳಕು ಅಲ್ಲಿಂದ ನುಗ್ತದೆ, ಫೋಟೋದಲ್ಲಿ ನೇರಳೆ ಪಟ್ಟೆ ಬೀಳ್ತದೆ. ಮಿರರ್‌ಲೆಸ್‌ಗೆ ಈ ರಗಳೆ ಇಲ್ಲ.”

“ಮತ್ತೆ ಆ ತಿರುಗಿಸುವ ವೇರಿಯಬಲ್ ಗಾಜು? ಒಂದರಲ್ಲೇ ಎಲ್ಲ ಆಗ್ತದಂತಲ್ಲ.”

“ಅದರೊಳಗೆ ಎರಡು ಪೋಲರೈಸರ್, ಅಂದ್ರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕು ಬಿಡುವ ಗಾಜು. ವೈಡ್ ಲೆನ್ಸಿಗೆ ಹಾಕಿ ಕೊನೇವರೆಗೆ ತಿರುಗಿಸು, ಆಕಾಶದ ಮೇಲೆ ಕಪ್ಪಗೆ ಗುಣಾಕಾರ ಚಿಹ್ನೆ ಬರ್ತದೆ. ಮೇಷ್ಟ್ರು ತಪ್ಪು ಹಾಕಿದ ಹಾಗೆ. ದುಡ್ಡು ಹಾಕುದಾದ್ರೆ 77 ಮಿಲಿಮೀಟರಿನ ಒಂದು ಒಳ್ಳೇ ಗಾಜು ತಗೊ, ಸಣ್ಣ ಲೆನ್ಸಿಗೆಲ್ಲ ಅಳತೆ ಹೊಂದಿಸುವ ಸ್ಟೆಪ್‌ಅಪ್ ರಿಂಗ್ ಸಾಕು. ಗಾಜಿನಿಂದ ಬಣ್ಣ ಸ್ವಲ್ಪ ಕೆಂಪಿಗೋ ಕಂದಿಗೋ ವಾಲ್ತದೆ. ಕ್ಯಾಮೆರಾ ಕಚ್ಚಾ ಉಳಿಸಿದ ರಾ ಫೈಲ್ ಇದ್ರೆ ಮನೆಗೆ ಹೋಗಿ ವೈಟ್ ಬ್ಯಾಲೆನ್ಸ್ ಸರಿ ಮಾಡಬಹುದು.”

ತೆರೆಯೊಂದು ಬಂದು ಟ್ರೈಪಾಡ್ ಕಾಲಿನ ಬುಡದ ಮರಳು ಕೆದರಿ ಹೋಯಿತು.

“ಕಾಲನ್ನು ಮರಳಿಗೆ ಒತ್ತು! ಇನ್ನು ಕೆಳಗಿಳಿಯುದಿಲ್ಲ ಅನ್ನುವವರೆಗೆ ಒತ್ತಬೇಕು. ನಡುವಿನ ಕಂಬ ಎತ್ತಬೇಡ. ಎರಡು ಸೆಕೆಂಡಿನ ಟೈಮರ್ ಹಾಕು.”

ಸೂರ್ಯ ಇಳಿದ. ಮೀಟರ್ 1/8ಕ್ಕೆ ಬಂತು.

“ಈಗ ಹತ್ತು ಬೆರಳು ಮಡಚಿದರೆ ಎರಡು ನಿಮಿಷ ಚಿಲ್ಲರೆ,” ಅಂದರು ಪ್ರಭಾಕರಣ್ಣ. “ಮೂವತ್ತು ಸೆಕೆಂಡ್ ದಾಟಿದ ಮೇಲೆ ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಮೋಡ್, ಕೈಯಲ್ಲಿ ರಿಮೋಟ್. ಬೆಳಕು ಇಳೀತಾ ಇರುದರಿಂದ ಮೂರು ನಿಮಿಷ ಬಿಡು.”

ಮೂರು ನಿಮಿಷ ಆಯಿತು. ಫೋಟೋ ಬರಲಿಲ್ಲ.

“ಕ್ಯಾಮೆರಾ ಹಾಳಾಯ್ತಾ?”

“ನಾಯ್ಸ್ ರಿಡಕ್ಷನ್ ಆನ್ ಇಟ್ಟಿದ್ದೀಯ. ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಕತ್ತಲೆಯದ್ದೊಂದು ಫೋಟೋ ತೆಗೆದು ಚುಕ್ಕಿ ಕಳೀತದೆ. ಇನ್ನೂ ಮೂರು ನಿಮಿಷ.”

“ನಾನು ಈಗ ಫ್ರೇಮಲ್ಲಿ ನಡೆದು ಬಂದೆನಲ್ಲ, ಫೋಟೋದಲ್ಲಿ ಬಿದ್ದಿರ್ತೇನಾ?” ಅಂದ ಸತೀಶ.

“ನಡೆದವ ಬೀಳುದಿಲ್ಲ. ಅರ್ಧ ಹೊತ್ತು ನಿಂತಿದ್ರೆ ಪ್ರೇತ.”

“ಆ ನಾಯಿ?”

“ಆಗಿಂದ ಮಲಗಿಯೇ ಉಂಟಲ್ಲ. ಅದು ನೀಟಾಗಿ ಬರ್ತದೆ.”